ಬಿಲ್ಲಿನಲ್ಲಿ ಕಾಣದ ತೆರಿಗೆ

ನಾನು ಊಟ ಮಾಡುವ ಮೆಸ್ಸಿನಲ್ಲಿ ಕಳೆದ ತಿಂಗಳು ಊಟಕ್ಕೆ ಹತ್ತು ರೂಪಾಯಿ ಏರಿತು. "ಯಾಕಕ್ಕಾ?" ಎಂದು ಕೇಳಿದೆ. "ಸಿಲಿಂಡರಿಗೆ ಕಟ್ಟಿದ ಟ್ಯಾಕ್ಸು ವಾಪಸ್ ಬರಲ್ಲ ಕಣಪ್ಪ. ನಾನು ಯಾರ ಹತ್ರ ಕೇಳ್ಲಿ?" ಎಂದರು. ಅವರು ಕೊಡುವ ಚೀಟಿಯಲ್ಲಿ ತೆರಿಗೆ ಎಂಬ ಸಾಲೇ ಇಲ್ಲ. ಆ ಪ್ರಶ್ನೆ ನನ್ನನ್ನು ಹಳೆಯ ತೀರ್ಪುಗಳ ಕಡೆಗೆ ಕರೆದೊಯ್ದಿತು.

ಅನ್ನ ಮಾರುವುದು ಪಾಪ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲ ಇತ್ತು. ಹಸಿದು ಬಂದವರಿಗೆ ಛತ್ರ, ಮಠಗಳಿದ್ದವು. ಹೋಟೆಲುಗಳು ಬಂದ ಮೇಲೆ ಆ ಅಳುಕು ಕರಗಿತು. ಆದರೆ ಹೋಟೆಲಿನವರು ಊಟವನ್ನು ಮಾರುತ್ತಾರೋ, ಬಡಿಸುತ್ತಾರೋ ಎಂಬ ಪ್ರಶ್ನೆ ಬೇರೆ ವೇಷದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಮಾರಾಟವಾದರೆ ಮಾತ್ರ ರಾಜ್ಯಗಳು ಅದಕ್ಕೆ ಮಾರಾಟ ತೆರಿಗೆ ಹಾಕಬಹುದಿತ್ತು.

1972ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ, ತಂಗಿದವರಿಗೆ ಕೋಣೆಯ ಜೊತೆ ಕೊಡುವ ಊಟ ಮಾರಾಟವಲ್ಲ ಎಂದು ಕೋರ್ಟು ಹೇಳಿತು. 1978ರಲ್ಲಿ ನಾರ್ದರ್ನ್ ಇಂಡಿಯಾ ಕೇಟರರ್ಸ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊರಗಿನಿಂದ ಬಂದು ಉಂಡು ಹೋಗುವವರಿಗೆ ಬಡಿಸುವುದೂ ಮಾರಾಟವಲ್ಲ ಎಂದಿತು. ಗಿರಾಕಿ ತಟ್ಟೆಯಲ್ಲಿ ಉಳಿದದ್ದನ್ನು ತನ್ನ ಸೊತ್ತೆಂದು ಕಟ್ಟಿಕೊಂಡು ಹೋಗುವ ಹಕ್ಕು ಪಡೆದಿರುವುದಿಲ್ಲ. ಹೋಟೆಲಿನವನು ಅವನ ಹಸಿವನ್ನು ಉಪಚರಿಸುತ್ತಾನೆ ಎಂಬುದು ಅದರ ತರ್ಕ. ಪಾರ್ಸೆಲ್ ಕಟ್ಟಿಸಿಕೊಳ್ಳುವ ನಮಗೆ ನಗು ಬರಬಹುದು. ಆದರೆ ಆತಿಥ್ಯಕ್ಕೆ ಕಾನೂನು ಅಷ್ಟು ಗೌರವ ಕೊಟ್ಟದ್ದು ಅಪರೂಪ.

ಆದಾಯ ಕೈತಪ್ಪಿದ ರಾಜ್ಯಗಳಿಗೆ ಅದು ರುಚಿಸಲಿಲ್ಲ. 1982ರ ಕಾಯ್ದೆಯ ಮೂಲಕ ಸಂವಿಧಾನಕ್ಕೆ 46ನೇ ತಿದ್ದುಪಡಿ ಬಂತು. ಊಟ ಬಡಿಸುವುದನ್ನೂ ಮಾರಾಟವೆಂದೇ ಭಾವಿಸಬೇಕೆಂದು ಅದು ವಿಧಿಸಿತು. 2011ರಲ್ಲಿ ಕೇಂದ್ರ ಸರ್ಕಾರ, ಮದ್ಯದ ಪರವಾನಗಿ ಇರುವ ಎ.ಸಿ. ರೆಸ್ಟೋರೆಂಟುಗಳ ಊಟದಲ್ಲಿ ಸೇವೆಯೂ ಇದೆ ಎಂದು ಸೇವಾ ತೆರಿಗೆ ತಂದಿತು. ಒಂದೇ ತಟ್ಟೆಗೆ ರಾಜ್ಯದ ವ್ಯಾಟ್ ಮತ್ತು ಕೇಂದ್ರದ ಸೇವಾ ತೆರಿಗೆ ಎರಡೂ ಬಿದ್ದವು. 2017ರ ಜಿ.ಎಸ್.ಟಿ.ಯಲ್ಲಿ ಹೋಟೆಲಿನ ಊಟ ಮತ್ತೆ 'ಸೇವೆ'ಯಾಯಿತು.

ಮೊದಲು ಎ.ಸಿ. ಇಲ್ಲದಲ್ಲಿ ಶೇ 12, ಇದ್ದಲ್ಲಿ ಶೇ 18 ಇದ್ದ ದರ, ಅದೇ ವರ್ಷ ನವೆಂಬರ್ 15ರಿಂದ ಬಹುತೇಕ ರೆಸ್ಟೋರೆಂಟುಗಳಿಗೆ ಶೇ 5ಕ್ಕೆ ಇಳಿಯಿತು. ಗಿರಾಕಿಗಳು ಖುಷಿಪಟ್ಟರು. ಆದರೆ ಜೊತೆಗೊಂದು ಷರತ್ತಿತ್ತು. ಬಾಡಿಗೆ, ವಾಣಿಜ್ಯ ಸಿಲಿಂಡರ್, ಪಾತ್ರೆಗಳ ಮೇಲೆ ಹೋಟೆಲಿನವರು ಕಟ್ಟಿದ ತೆರಿಗೆಯನ್ನು ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲ. ವಾಣಿಜ್ಯ ಸಿಲಿಂಡರಿನ ಮೇಲಿನ ತೆರಿಗೆ ಶೇ 18. ಸಣ್ಣ ವಹಿವಾಟಿನವರು ಕಾಂಪೊಸಿಷನ್ ಪದ್ಧತಿ ಆರಿಸಿಕೊಂಡರೆ, ಕಟ್ಟಬೇಕಾದ ಶೇ 5ನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತೆಯೂ ಇಲ್ಲ.

ವಸತಿಯ ಕಥೆಯೂ ಅದೇ ದಾರಿಯದು. ದಿನಕ್ಕೆ ರೂ. 1,000ಕ್ಕಿಂತ ಕಡಿಮೆಯ ಕೋಣೆಗಿದ್ದ ವಿನಾಯಿತಿ 2022ರ ಜುಲೈನಲ್ಲಿ ಹೋಗಿ ಶೇ 12 ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ರೂ. 7,500ರವರೆಗಿನ ಕೋಣೆಗೆ ಅದು ಶೇ 5 ಆಗಿದೆ, ಕಟ್ಟಿದ್ದನ್ನು ಕಳೆದುಕೊಳ್ಳುವ ಸೌಲಭ್ಯವಿಲ್ಲದೆ.

ಇದನ್ನೆಲ್ಲ ಓದುವಾಗ ನನಗೆ ಅನ್ನಿಸಿದ್ದು ಇಷ್ಟು: ತೆರಿಗೆ ಇಳಿಯುವುದೂ ಬಿಲ್ಲಿನಿಂದ ಕಣ್ಮರೆಯಾಗುವುದೂ ಒಂದೇ ಅಲ್ಲ. ಕಣ್ಣಿಗೆ ಬೀಳುವ ತೆರಿಗೆಯ ಬಗ್ಗೆ ನಾವು ಜಗಳವಾಡಬಹುದು. ಸಾಂಬಾರಿನಲ್ಲಿ ಕರಗಿದ್ದರ ಬಗ್ಗೆ ಜಗಳವಾಡಿದರೆ ಬೈಸಿಕೊಳ್ಳುವವರು ಬಡಿಸುವವರೇ. ನಾನೂ ಅಂದು ಅಕ್ಕನ ಮೇಲೆ ಗೊಣಗಿದ್ದೆ.

"ಯಾರ ಹತ್ರ ಕೇಳ್ಲಿ?" ಎಂದಿದ್ದರಲ್ಲ, ಅವರು ನಮ್ಮ ಹತ್ತಿರವೇ ಕೇಳಿದ್ದರು, ಹತ್ತು ರೂಪಾಯಿ. ಅದನ್ನೂ ಕೊಡಲಾಗದ ಇಬ್ಬರು ಹುಡುಗರಿಗೆ ಹಳೆಯ ದರದಲ್ಲೇ ಬಡಿಸುತ್ತಿದ್ದಾರೆಂದು ಆಮೇಲೆ ತಿಳಿಯಿತು. ಆ ಊಟವನ್ನು ಯಾವ ಕಾಯ್ದೆಯೂ ಮಾರಾಟ ಎನ್ನಲಾರದು.