ವುಲ್ತುರೆ ಬೆಟ್ಟದ ಕೆಂಪು ವೈನ್

ಇಟಲಿಯ ವೈನ್ ಎಂದೊಡನೆ ಕಿಯಾಂಟಿ, ಬರೋಲೊ ಹೆಸರುಗಳು ಬರುತ್ತವೆ. ದಕ್ಷಿಣದ ಬಾಸಿಲಿಕಾಟಾ ಪ್ರಾಂತ್ಯವನ್ನು ಬಲ್ಲವರು ಕಡಿಮೆ. ಅಲ್ಲಿ ಆರಿಹೋದ ಜ್ವಾಲಾಮುಖಿ ವುಲ್ತುರೆಯ ಇಳಿಜಾರಿನಲ್ಲಿ ಅಲ್ಯಾನಿಕೊ ಎಂಬ ಕಪ್ಪು ದ್ರಾಕ್ಷಿ ಬೆಳೆಯುತ್ತದೆ. ಹಣ್ಣಾಗುವುದು ಬಲು ತಡ. ಕೊಯ್ಲು ಅಕ್ಟೋಬರ್ ದಾಟುವುದೂ ಉಂಟು. ಒಗರು ಜಾಸ್ತಿ, ಹದಕ್ಕೆ ಬರಲು ಕಾಯಬೇಕು.

'ಹೆಲೆನಿಕ್' ಪದವೇ 'ಅಲ್ಯಾನಿಕೊ' ಆಯಿತು, ಬಳ್ಳಿ ತಂದವರು ಗ್ರೀಕರು ಎಂಬ ಕಥೆ ಜನಪ್ರಿಯ. ಕೇಳಲು ಚೆಂದ, ಆದರೆ ಗ್ರೀಸಿನ ತಳಿಗಳೊಂದಿಗೆ ಇದರ ಹತ್ತಿರದ ನಂಟು ಡಿಎನ್‌ಎ ಪರೀಕ್ಷೆಯಲ್ಲಿ ಕಂಡಿಲ್ಲ. ನನಗೆ ಹಿಡಿಸುವುದು ಬರೀಲೆ ಊರಿನ ಕಥೆ. 15ನೇ ಶತಮಾನದಲ್ಲಿ ತುರ್ಕರ ದಾಳಿಗೆ ಬೆದರಿ ಬಂದ ಅಲ್ಬೇನಿಯನ್ನರು ನೆಲೆಸಿದ ಊರದು. ಮೆದುಕಲ್ಲಿನ ಗುಡ್ಡ ಕೊರೆದ ಗುಹೆಗಳೇ ಅಲ್ಲಿ ವೈನಿನ ಉಗ್ರಾಣ. ಪಸೋಲಿನಿ 1964ರ ತಮ್ಮ ಯೇಸುವಿನ ಚಿತ್ರಕ್ಕೆ ಬೆತ್ಲೆಹೇಮನ್ನು ಕಂಡದ್ದೂ ಇಲ್ಲೇ.

ಪ್ರಾಂತ್ಯ ಕಡುಬಡವ. 1935ರಲ್ಲಿ ಮುಸೊಲಿನಿ ಸರ್ಕಾರ ಲೇಖಕ ಕಾರ್ಲೊ ಲೆವಿಯನ್ನು ಗಡೀಪಾರು ಮಾಡಿದ್ದು ಇತ್ತಲೇ. ಇಲ್ಲಿನ ವೈನ್ ಬಹುಕಾಲ ಹೆಸರಿಲ್ಲದೆ ಉತ್ತರಕ್ಕೆ ಸಾಗಿ, ಅಲ್ಲಿನ ತೆಳು ವೈನಿಗೆ ಕಸುವು ತುಂಬುತ್ತಿತ್ತು. ಬೆಳೆದವರ ಮಕ್ಕಳೂ ಕೂಲಿ ಅರಸಿ ಅದೇ ದಾರಿ ಹಿಡಿದರು. 1971ರಲ್ಲಿ ಡಿಒಸಿ ಮಾನ್ಯತೆ ಸಿಕ್ಕಿ, 'ಅಲ್ಯಾನಿಕೊ ದೆಲ್ ವುಲ್ತುರೆ' ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಬಂತು. 2010ರಲ್ಲಿ ಇದರ 'ಸುಪೀರಿಯೋರೆ' ದರ್ಜೆಗೆ ಅತ್ಯುನ್ನತ ಡಿಒಸಿಜಿ. ಬೆಲೆ ಮಾತ್ರ ಈಗಲೂ ಬರೋಲೊಗಿಂತ ಎಷ್ಟೋ ಕಡಿಮೆ.