ಹೆಸರೆಂಬ ಹರಕೆ



ಕಳೆದ ತಿಂಗಳು ನನ್ನ ತಮ್ಮನ ಮಗಳು ದೂರವಾಣಿ ಮಾಡಿ ಒಂದು ವಿಚಿತ್ರವಾದ ಸಂಕಟವನ್ನು ತೋಡಿಕೊಂಡಳು. ಅವಳಿಗೆ ಹೆಣ್ಣುಮಗು ಹುಟ್ಟಿ ಎಂಟು ದಿನಗಳಾಗಿದ್ದವು. ಆರ್ದ್ರಾ ನಕ್ಷತ್ರ, ಮೂರನೆಯ ಪಾದ. ಕಂಪ್ಯೂಟರಿನಲ್ಲಿ ತೆಗೆಸಿದ ಜಾತಕದಲ್ಲಿ ಹೆಸರಿನ ಮೊದಲ ಅಕ್ಷರ 'ಙ' ಎಂದು ಅಚ್ಚಾಗಿ ಬಂದಿತ್ತು. "ದೊಡ್ಡಪ್ಪ, ನೀವು ಜೀವಮಾನವೆಲ್ಲ ಕನ್ನಡ ಕಲಿಸಿದವರು. ಈ ಅಕ್ಷರದಿಂದ ಆರಂಭವಾಗುವ ಒಂದು ಹೆಸರು ಹೇಳಿಬಿಡಿ" ಎಂದಳು. ನಾನು ನಕ್ಕೆ, ಅವಳೂ ನಕ್ಕಳು. ಆದರೆ ಉತ್ತರ ಹೇಳಲು ಎರಡು ದಿನ ಕಾಲಾವಕಾಶ ಕೇಳಿದೆ. ಆ ಎರಡು ದಿನಗಳಲ್ಲಿ ಓದಿದ್ದನ್ನೂ ನೆನೆದದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಾಮಕರಣವು ಷೋಡಶ ಸಂಸ್ಕಾರಗಳಲ್ಲಿ ಒಂದು. ಹುಟ್ಟಿದ ಕೂಸು ಹೆಸರು ಪಡೆದ ಮೇಲೆಯೇ ಈ ಲೋಕದ ಸದಸ್ಯನಾಗುತ್ತದೆಂಬುದು ಅದರ ಹಿಂದಿನ ಭಾವನೆ. ಮನುಸ್ಮೃತಿಯು ಹತ್ತನೆಯ ಅಥವಾ ಹನ್ನೆರಡನೆಯ ದಿನ ಹೆಸರಿಡಬೇಕೆನ್ನುತ್ತದೆ. ಆಶ್ವಲಾಯನ ಗೃಹ್ಯಸೂತ್ರವಂತೂ ವ್ಯಾಕರಣದ ಮೇಷ್ಟರಂತೆ ಮಾತನಾಡುತ್ತದೆ: ಹೆಸರು ಘೋಷಾಕ್ಷರದಿಂದ ಆರಂಭವಾಗಬೇಕು, ನಡುವೆ ಯ, ರ, ಲ, ವಗಳಂಥ ಅಂತಸ್ಥ ಬರಬೇಕು, ಕೊನೆಗೆ ವಿಸರ್ಗವಿರಬೇಕು. ಸ್ಥಿರತೆಯನ್ನು ಬಯಸುವವನು ಮಗನಿಗೆ ಎರಡಕ್ಷರದ ಹೆಸರನ್ನೂ ಬ್ರಹ್ಮವರ್ಚಸ್ಸನ್ನು ಬಯಸುವವನು ನಾಲ್ಕಕ್ಷರದ ಹೆಸರನ್ನೂ ಇಡಬೇಕು. ಗಂಡಿಗೆ ಸಮಸಂಖ್ಯೆ, ಹೆಣ್ಣಿಗೆ ಬೆಸಸಂಖ್ಯೆ. ಇದಲ್ಲದೆ ಗುರುಹಿರಿಯರಿಗೆ ವಂದಿಸುವಾಗ ಹೇಳಿಕೊಳ್ಳಲು ಮತ್ತೊಂದು ಹೆಸರುಂಟು. ಉಪನಯನದವರೆಗೆ ಅದು ತಾಯಿತಂದೆಗಳಿಗೆ ಮಾತ್ರ ತಿಳಿದಿರಬೇಕು. ಇಂದಿಗೂ ನಮ್ಮ ಮನೆಗಳಲ್ಲಿ ತಟ್ಟೆಯ ಅಕ್ಕಿಯಲ್ಲಿ ಚಿನ್ನದ ಉಂಗುರದಿಂದ ಹೆಸರನ್ನು ಬರೆದು, ಮಗುವಿನ ಬಲಗಿವಿಯಲ್ಲಿ ಪಿಸುಗುಡುತ್ತೇವಲ್ಲ, ಹೆಸರನ್ನು ಮಂತ್ರದಂತೆ ಕಾಣುವ ಭಾವ ಅಲ್ಲಿಯೂ ಉಳಿದಿದೆ.

ಮುಂದೆ ನಿಬಂಧಕಾರರು ಒಂದೇ ಮಗುವಿಗೆ ನಾಲ್ಕು ಬಗೆಯ ಹೆಸರುಗಳನ್ನು ಹೇಳಿದರು: ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ. ಹುಟ್ಟಿದ ತಿಂಗಳಿಗೆ ತಕ್ಕಂತೆ ಕೃಷ್ಣ, ಅನಂತ, ಅಚ್ಯುತ, ಜನಾರ್ದನ ಮೊದಲಾದ ಹನ್ನೆರಡು ಹೆಸರುಗಳು ಮಾಸನಾಮಗಳು. ನಕ್ಷತ್ರನಾಮಕ್ಕೆ ಅವಕಹಡಾ ಚಕ್ರ. ಇಪ್ಪತ್ತೇಳು ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ 108 ಪಾದಗಳು, ಪಾದಕ್ಕೊಂದು ಅಕ್ಷರ. ಅಶ್ವಿನಿಗೆ ಚು, ಚೆ, ಚೊ, ಲ. ಆರ್ದ್ರೆಗೆ ಕು, ಘ, ಙ, ಛ. ಹಸ್ತೆಗೆ ಪು, ಷ, ಣ, ಠ. ಈ ಪಟ್ಟಿಯನ್ನು ಕಟ್ಟಿದವರಿಗೂ ನನ್ನ ತಮ್ಮನ ಮಗಳಿಗೆ ಬಂದ ಕಷ್ಟವೇ ಬಂದಿರಬೇಕು. ಅದಕ್ಕೆ ಶಾಸ್ತ್ರಜ್ಞರೇ ಪರಿಹಾರವನ್ನೂ ಹೇಳಿದ್ದಾರೆ: ಙ, ಞ, ಣಗಳು ಹೆಸರಿನ ಮೊದಲಲ್ಲಿ ಬರುವುದಿಲ್ಲವಾದ್ದರಿಂದ ಅವುಗಳ ಬದಲಿಗೆ ಕ್ರಮವಾಗಿ ಗ, ಜ, ಡಗಳನ್ನು ಇಟ್ಟುಕೊಳ್ಳಬಹುದು.

ಇಷ್ಟು ವಿಧಿಗಳಿದ್ದರೂ ನಮ್ಮ ಜನ ಹೆಸರಿಟ್ಟದ್ದು ಬೇರೆಯೇ ಒಂದು ನಂಬಿಕೆಯಿಂದ. ಭಾಗವತದ ಆರನೆಯ ಸ್ಕಂಧದ ಅಜಾಮಿಳನ ಕಥೆ ನಿಮಗೆ ನೆನಪಿರಬಹುದು. ದಾರಿ ತಪ್ಪಿ ಬಾಳಿದ ಅವನು ಕೊನೆಗಾಲದಲ್ಲಿ ಯಮದೂತರನ್ನು ಕಂಡು ಬೆದರಿ, ಮುದ್ದಿನ ಕಿರಿಯ ಮಗನನ್ನು "ನಾರಾಯಣಾ" ಎಂದು ಕೂಗಿದ. ಕರೆದದ್ದು ಮಗನನ್ನು, ಓಗೊಟ್ಟು ಬಂದವರು ವಿಷ್ಣುದೂತರು. ದೇವರ ಹೆಸರನ್ನು ಮಗುವಿಗಿಟ್ಟರೆ ಊಟಕ್ಕೆ ಕರೆದಾಗಲೂ ಗದರಿದಾಗಲೂ ನಾಮಸ್ಮರಣೆಯಾಗುತ್ತದೆಂಬ ನೆಮ್ಮದಿ ಈ ಕಥೆಯಿಂದ ಮನೆಮನೆಗೆ ಬಂದಿತು. ಒಕ್ಕಲುತನದ ಮನೆಯಲ್ಲಿ ಜಪಕ್ಕೆ ಪುರುಸೊತ್ತೆಲ್ಲಿ? ಹೆಸರೇ ಜಪವಾಯಿತು.

ಕನ್ನಡಿಗರು ಮತ್ತೊಂದು ಕೆಲಸವನ್ನೂ ಮಾಡಿದರು. ದೇವರ ಹೆಸರನ್ನು ನಾಲಗೆಗೆ ಒಗ್ಗಿಸಿಕೊಂಡರು. ರಾಷ್ಟ್ರಕೂಟರ ಕೃಷ್ಣ ನಮ್ಮ ಶಾಸನಗಳಲ್ಲಿ 'ಕನ್ನರದೇವ'. ಹೊಯ್ಸಳ ವಿಷ್ಣುವರ್ಧನನ ಇನ್ನೊಂದು ಹೆಸರಾದ ಬಿಟ್ಟಿದೇವದಲ್ಲಿರುವ 'ಬಿಟ್ಟಿ' ವಿಷ್ಣುವಿನ ತದ್ಭವವೆಂದು ವಿದ್ವಾಂಸರು ಹೇಳುತ್ತಾರೆ. ಲಕ್ಷ್ಮಿ ಲಕ್ಕಮ್ಮನಾದಳು, ಬ್ರಹ್ಮ ಬೊಮ್ಮಣ್ಣನಾದ, ಅಹೋಬಲದ ನರಸಿಂಹ ಓಬಯ್ಯನಾದ. ತದ್ಭವದ ಪಾಠ ಮಾಡುವಾಗಲೆಲ್ಲ ನಾನು ಈ ಹೆಸರುಗಳನ್ನೇ ಉದಾಹರಣೆ ಕೊಡುತ್ತಿದ್ದೆ. ಹೀಗೆ ಸವೆದ ಹೆಸರಿನಲ್ಲಿ ದೇವರು ಗರ್ಭಗುಡಿಯಿಂದ ಇಳಿದು ಹಟ್ಟಿಗೆ ಬಂದು ಕುಳಿತಂತಿದೆ.

ಆದರೆ ಎಲ್ಲವೂ ಇಷ್ಟು ಹಿತವಾಗಿರಲಿಲ್ಲ. ಅದೇ ಮನುಸ್ಮೃತಿ, ಎರಡನೆಯ ಅಧ್ಯಾಯದಲ್ಲಿ, ಬ್ರಾಹ್ಮಣನ ಹೆಸರು ಮಂಗಳವನ್ನೂ ಕ್ಷತ್ರಿಯನದು ಬಲವನ್ನೂ ವೈಶ್ಯನದು ಧನವನ್ನೂ ಸೂಚಿಸಬೇಕೆಂದು ಹೇಳಿ, ಶೂದ್ರನ ಹೆಸರು ಜುಗುಪ್ಸಿತವಾಗಿರಬೇಕು ಎನ್ನುತ್ತದೆ. ಅಂದರೆ ತೊಟ್ಟಿಲಲ್ಲಿರುವಾಗಲೇ ಮಗುವಿಗೆ ಅವಮಾನವನ್ನು ತೊಡಿಸಬೇಕೆಂಬ ವಿಧಿ. ಇದನ್ನು ಮರೆಮಾಚಿ ನಾಮಕರಣದ ಮಹಿಮೆಯನ್ನಷ್ಟೇ ಹಾಡುವುದು ಪ್ರಾಮಾಣಿಕತೆಯಲ್ಲ. ಇದಕ್ಕೆ ಕನ್ನಡ ನಾಡು ಕೊಟ್ಟ ಉತ್ತರವನ್ನೂ ಮರೆಯಬಾರದು. ಹನ್ನೆರಡನೆಯ ಶತಮಾನದ ಶರಣರು ತಮ್ಮ ಕಾಯಕವನ್ನೇ ಹೆಸರಿನ ಮುಂದೆ ಹೊತ್ತರು. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ. ದೋಣಿ ನಡೆಸುವುದು, ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು, ತೊಗಲು ಹದ ಮಾಡುವುದು, ಯಾವುದನ್ನೂ ಅವರು ಮುಚ್ಚಿಕೊಳ್ಳಲಿಲ್ಲ. ಜುಗುಪ್ಸೆಯೆಂದು ಹೇಳಿದ್ದೇ ಬಿರುದಾಯಿತು.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಜನ ಸ್ಮೃತಿಯನ್ನು ಪೂರ್ತಿ ಕೇಳಲಿಲ್ಲ. ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವೂ ಮಂಗಳಕರವೂ ದೀರ್ಘಸ್ವರಾಂತವೂ ಆಗಿರಲಿ ಎಂದ ಮನು, ಮೂರನೆಯ ಅಧ್ಯಾಯದಲ್ಲಿ ನಕ್ಷತ್ರ, ಮರ, ನದಿ, ಬೆಟ್ಟ, ಹಕ್ಕಿ, ಹಾವುಗಳ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆನ್ನುತ್ತಾನೆ. ನಮ್ಮ ಊರುಗಳಲ್ಲಿ ರೋಹಿಣಿ, ರೇವತಿ, ಕಾವೇರಿ, ಗೋದಾವರಿಯರಿಗೆಲ್ಲ ಮದುವೆಯಾಗಿದೆ. ಬಸವಣ್ಣನವರ ಅಕ್ಕ ನಾಗಮ್ಮ. ಕೃಷ್ಣದೇವರಾಯನ ತಾಯಿ ನಾಗಲಾದೇವಿ.

ಕೃಷ್ಣದೇವರಾಯನಿಗಿಂತ ಮುಂಚೆ, 1505ರಿಂದ 1509ರವರೆಗೆ ಆಳಿದ ಅವನ ಮಲಅಣ್ಣ ವೀರನರಸಿಂಹನ ತಾಯಿಯ ಹೆಸರು ತಿಪ್ಪಾಂಬೆ. ಈ 'ತಿಪ್ಪ' ಎಂಬ ಹೆಸರಿನ ಮುಂದೆ ನಾನು ಒಂದು ಕ್ಷಣ ತಲೆತಗ್ಗಿಸಿ ನಿಲ್ಲಬೇಕಾಗಿದೆ. ಅದಕ್ಕೆ ಕಾರಣವನ್ನು ಹೇಳುತ್ತೇನೆ.

ನನ್ನ ನೌಕರಿಯ ಆರಂಭದ ವರ್ಷಗಳು ಚಳ್ಳಕೆರೆ ಸೀಮೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕಳೆದವು. ಒಂದು ಜೂನ್ ತಿಂಗಳಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಒಂದನೆಯ ತರಗತಿಗೆ ಸೇರಿಸಲು ಕರೆತಂದರು. ಹೆಸರು ಕೇಳಿದೆ. "ತಿಪ್ಪ" ಎಂದರು. ನನಗಾಗ ಇಪ್ಪತ್ತಮೂರರ ಹುರುಪು. ತಿಪ್ಪೆ, ಗೊಬ್ಬರದ ಗುಂಡಿ, ಇದೂ ಒಂದು ಹೆಸರೇ ಎನಿಸಿತು. ದೊಡ್ಡ ಉಪಕಾರ ಮಾಡುತ್ತಿದ್ದೇನೆಂಬ ಭಾವದಿಂದ ದಾಖಲಾತಿ ಪುಸ್ತಕದಲ್ಲಿ 'ಸುರೇಶ' ಎಂದು ಬರೆದೆ. ಮರುದಿನದಿಂದ ಹಾಜರಿ ಕೂಗಿದಾಗ "ಸುರೇಶ" ಎಂದರೆ ಯಾರೂ ಓಗೊಡುತ್ತಿರಲಿಲ್ಲ. ಮೂರು ದಿನ ಗೈರುಹಾಜರಿ ಹಾಕಿದೆ. ನಾಲ್ಕನೆಯ ದಿನ ತಿಳಿಯಿತು, ಹುಡುಗ ಮೂರೂ ದಿನ ಎರಡನೆಯ ಸಾಲಿನಲ್ಲಿ ನನ್ನ ಕಣ್ಣೆದುರಿಗೇ ಕುಳಿತಿದ್ದ. ತನ್ನನ್ನು ಯಾರೂ ಕರೆಯಲಿಲ್ಲವೆಂದು ಸುಮ್ಮನಿದ್ದ.

ಅಂದು ಸಂಜೆ ಅವನ ತಾಯಿ ಶಾಲೆಯ ಬಾಗಿಲಿಗೆ ಬಂದು ನಿಂತರು. ಅವನಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ವರ್ಷ ತುಂಬುವ ಮುನ್ನವೇ ಹೋಗಿದ್ದವಂತೆ. ನಾಲ್ಕನೆಯದು ಹುಟ್ಟಿದಾಗ ಅಜ್ಜಿ ಅದನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ಬಿಸಾಡಿದ ಕೂಸೆಂದು ಸಾರಿ, ನೆರೆಮನೆಯವರಿಂದ ಎತ್ತಿಸಿಕೊಂಡು ಮನೆಗೆ ತಂದಿದ್ದರು. ಬೇಡವಾದ ವಸ್ತುವನ್ನು ಸಾವೂ ಕಣ್ಣೆತ್ತಿ ನೋಡುವುದಿಲ್ಲವೆಂಬ ನಂಬಿಕೆ. "ಆ ಹೆಸರಿನಿಂದ್ಲೇ ಈ ಕೂಸು ಉಳ್ದೈತೆ ಸಾಮಿ. ಅದನ್ನ ಅಳಿಸಬ್ಯಾಡ್ರಿ" ಎಂದರು. ನಾನು ಕೆಂಪು ಶಾಯಿಯಿಂದ 'ಸುರೇಶ'ನನ್ನು ಹೊಡೆದು, ಮೇಲೆ 'ತಿಪ್ಪ' ಎಂದು ಬರೆದು, ಪಕ್ಕದಲ್ಲಿ ರುಜು ಹಾಕಿದೆ. ನನ್ನ ನೌಕರಿಯಲ್ಲಿ ನಾನು ಮಾಡಿದ ತಿದ್ದುಪಡಿಗಳಲ್ಲಿ ಅದು ಮುಖ್ಯವಾದದ್ದು, ತಿದ್ದಿಕೊಂಡವನು ನಾನು.

ಆ ಸೀಮೆಯಲ್ಲಿ ಈ ಹೆಸರಿಗೆ ಮತ್ತೊಂದು ಮೂಲವೂ ಉಂಟು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದ ಮಹಾಪುರುಷರೆಂದು ಜನ ನಂಬುತ್ತಾರೆ. ಅವರಿಗೆ ಹರಕೆ ಹೊತ್ತು ಹುಟ್ಟಿದವರೆಲ್ಲ ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪಮ್ಮ. ಕಸದ ರಾಶಿಯೂ ಗುರುವಿನ ಗದ್ದುಗೆಯೂ ಒಂದೇ ಹೆಸರಿನೊಳಗೆ ಸೇರಿಕೊಂಡಿವೆ. ಇಂಥ ಹೆಸರುಗಳು ನಾಡಿನಲ್ಲೆಲ್ಲ ಇವೆ. ಕಲ್ಲಪ್ಪ, ಗುಂಡಪ್ಪ, ಅಡಿವೆಪ್ಪ, ಹುಚ್ಚಮ್ಮ. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ 'ಇನ್ನು ಸಾಕು' ಎಂದು ಸಾಕಮ್ಮ ಎಂದಿಡುತ್ತಿದ್ದರು. ಕನ್ನಡದಲ್ಲಿ 'ಸಾಕು' ಎಂದರೆ ಸಲಹು ಎಂದೂ ಅರ್ಥವಿದೆ. ತಂದೆ ಮೊದಲ ಅರ್ಥದಲ್ಲಿ ಇಟ್ಟ ಹೆಸರನ್ನು ತಾಯಿ ಎರಡನೆಯ ಅರ್ಥದಲ್ಲಿ ಕರೆದಿರಬಹುದಲ್ಲವೇ?

ಸ್ಮೃತಿಯು ಜುಗುಪ್ಸೆಯ ಹೆಸರನ್ನು ವಿಧಿಸಿದ್ದು ಅಧಿಕಾರದಿಂದ. ತಾಯಂದಿರು ಅದೇ ಬಗೆಯ ಹೆಸರನ್ನು ಆರಿಸಿಕೊಂಡದ್ದು ಮಗು ಉಳಿಯಲೆಂಬ ಹಂಬಲದಿಂದ. ಶಬ್ದ ಒಂದೇ ಆದರೂ ಮನಸ್ಸು ಬೇರೆ. ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕಿದರೆ ಅರ್ಧವೇ ಸಿಗುತ್ತದೆ. ಉಳಿದರ್ಧ ಇಟ್ಟವರ ಎದೆಯಲ್ಲಿರುತ್ತದೆ. ನಾರಾಯಣನೆಂದು ಕರೆದವರೂ ತಿಪ್ಪನೆಂದು ಕರೆದವರೂ ಬೇಡಿದ್ದು ಒಂದನ್ನೇ, ಈ ಕೂಸನ್ನು ಕಾಪಾಡು ಎಂದು. ಸ್ವಚ್ಛವಾದ ಅಂಗಿ ತೊಟ್ಟು ಬಂದ ಯುವಕನೊಬ್ಬ ಒಂದೇ ಗೀಟಿನಲ್ಲಿ ಆ ಪ್ರಾರ್ಥನೆಯನ್ನು ಅಳಿಸಲು ಹೊರಟಿದ್ದ.

ಎರಡು ದಿನಗಳ ನಂತರ ತಮ್ಮನ ಮಗಳಿಗೆ ದೂರವಾಣಿ ಮಾಡಿದೆ. ಶಾಸ್ತ್ರದ ಪ್ರಕಾರ 'ಙ'ಕ್ಕೆ ಬದಲಾಗಿ 'ಗ' ಸಲ್ಲುತ್ತದೆ, ನಿನ್ನ ಅಜ್ಜಿಯ ಹೆಸರು ಗಂಗಮ್ಮ ಎಂದೆ. ಮುಂದಿನದನ್ನು ಅವಳೇ ಹೇಳಿದಳು. ಹನ್ನೆರಡನೆಯ ದಿನ ಕೂಸಿಗೆ ಗಂಗಾ ಎಂದು ಹೆಸರಿಟ್ಟರು. ನದಿಯ ಹೆಸರಾದ್ದರಿಂದ ಮನುವಿಗೆ ಒಪ್ಪಿಗೆಯಿಲ್ಲ. ಎರಡಕ್ಷರವಾದ್ದರಿಂದ ಆಶ್ವಲಾಯನರಿಗೂ ಒಪ್ಪಿಗೆಯಿಲ್ಲ. ಆದರೆ ಮೇಷ್ಟರ ಕಿವಿಗೆ ಒಂದು ಸಂಗತಿ ಕೇಳಿಸಿತು. ಗಂಗಾ ಎಂಬಲ್ಲಿ ಸೊನ್ನೆಯನ್ನು ಬಿಡಿಸಿ ಉಚ್ಚರಿಸಿ ನೋಡಿ, 'ಗಙ್ಗಾ' ಎಂದಾಗುತ್ತದೆ. ಯಾವ ಹೆಸರಿನ ಮೊದಲಿಗೂ ಬರಲಾರದ ಆ ಅಕ್ಷರ ನಮ್ಮ ತಾಯಿಯ ಹೆಸರಿನ ನಡುವೆ ಇಷ್ಟು ಕಾಲವೂ ಇದ್ದಿತು.

ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಹೆಸರನ್ನು ಯಾರು, ಯಾವ ಹೊತ್ತಿನಲ್ಲಿ, ಏನನ್ನು ನೆನೆದು ಇಟ್ಟರೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅವರು ಇರುವಾಗಲೇ ಕೇಳಿ. ಸಾಧ್ಯವಾದರೆ ನನಗೂ ತಿಳಿಸಿ. ನಿಮ್ಮ ಹೆಸರುಗಳನ್ನು ವರ್ಷಗಟ್ಟಲೆ ದಿನವೂ ಕೂಗಿದವನು ನಾನು. ಅವುಗಳ ಅರ್ಥವನ್ನು ಕೇಳಲು ಆಗ ಪುರುಸೊತ್ತಾಗಲಿಲ್ಲ.