ಹಗ್ಗ ಬಿಟ್ಟ ಮೇಲೂ ಮೊಳಗುವ ಗಂಟೆ

ಬಸ್ಸಿನಲ್ಲಿ ಕಾಲು ತುಳಿದವರನ್ನು ಕ್ಷಮಿಸೋದು ಸುಲಭ. "ಪರವಾಗಿಲ್ಲ ಬಿಡಿ" ಅಂದರೆ ಮುಗಿಯಿತು. ಆದರೆ ಮನೆಯವರ ಸಾವಿನಲ್ಲಿ ಕೈಯಿದ್ದವನೇ ಎದುರು ಬಂದು, ಕೈ ಚಾಚಿ, "ನನ್ನನ್ನು ಕ್ಷಮಿಸ್ತೀರಾ?" ಅಂತ ಕೇಳಿದರೆ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಹಾಲೆಂಡಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಹೆಂಗಸೊಬ್ಬರು. ಹೆಸರು ಕೋರಿ ಟೆನ್ ಬೂಮ್. ಹುಟ್ಟಿದ್ದು 1892ರಲ್ಲಿ. ಹಾರ್ಲೆಮ್ ಊರಿನಲ್ಲಿ ಕೆಳಗೆ ಗಡಿಯಾರದ ಅಂಗಡಿ, ಮೇಲೆ ಮನೆ. ಅಪ್ಪ ಕ್ಯಾಸ್ಪರ್, ಅಕ್ಕ ಬೆಟ್ಸಿ. ದಿನವೂ ಬೈಬಲ್ ಓದಿ ಪ್ರಾರ್ಥನೆ ಮಾಡುವ ಮನೆ. ಆ ದೇಶದಲ್ಲಿ ಗಡಿಯಾರದ ಕೆಲಸಕ್ಕೆ ಲೈಸೆನ್ಸ್ ಪಡೆದ ಮೊದಲ ಮಹಿಳೆ ಕೋರಿ ಅಂತ ಹೇಳುತ್ತಾರೆ.

1940ರಲ್ಲಿ ನಾಜಿಗಳು ಹಾಲೆಂಡನ್ನು ಹಿಡಿದರು. ಯುದ್ಧ ಮುಗಿಯುವ ಹೊತ್ತಿಗೆ ಆ ದೇಶದ ಯಹೂದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸತ್ತುಹೋಗಿದ್ದರು. ಟೆನ್ ಬೂಮ್ ಮನೆಯವರು ಬಾಗಿಲು ತಟ್ಟಿದ ಯಹೂದಿಗಳನ್ನು ಒಳಗೆ ಕರೆದುಕೊಂಡರು. ಕೋರಿಯ ಮಲಗುವ ಕೋಣೆಯಲ್ಲಿ ಸುಳ್ಳುಗೋಡೆ ಕಟ್ಟಿ, ಅದರ ಹಿಂದೆ ಅಡಗುವ ಜಾಗ ಮಾಡಿದರು. 1944ರ ಫೆಬ್ರವರಿ 28ರಂದು ಒಬ್ಬ ಡಚ್ ಮನುಷ್ಯನೇ ಸುಳಿವು ಕೊಟ್ಟು ಅವರನ್ನು ಹಿಡಿಸಿದ. ಗೋಡೆಯ ಹಿಂದಿದ್ದ 6 ಜನ ಪೊಲೀಸರ ಕೈಗೆ ಸಿಗಲಿಲ್ಲ. ಆದರೆ ಮನೆಯವರು ಸಿಕ್ಕರು. 84 ವರ್ಷದ ಕ್ಯಾಸ್ಪರ್ 10 ದಿನಗಳಲ್ಲೇ ಸೆರೆಯಲ್ಲಿ ತೀರಿಕೊಂಡರು.

ಕೋರಿಯ ಕ್ಷಮೆಯ ಪಾಠ ಶುರುವಾಗುವುದು ಇಲ್ಲಿಂದ. ಸುಳಿವು ಕೊಟ್ಟವನ ಹೆಸರು ಅಕ್ಕತಂಗಿಯರಿಗೆ ಸೆರೆ ಶಿಬಿರದಲ್ಲಿ ತಿಳಿಯಿತು. ಅವನು ಎದುರು ಸಿಕ್ಕರೆ ಕೊಂದೇಬಿಡುವಷ್ಟು ಸಿಟ್ಟು ಕೋರಿಗೆ. ಬೆಟ್ಸಿ ಮಾತ್ರ ಅವನಿಗಾಗಿ ಪ್ರಾರ್ಥಿಸುತ್ತಿದ್ದರು. ಪಾಪ, ಅವನ ಮನಸ್ಸಿಗೆ ಎಷ್ಟು ಕಷ್ಟವೋ ಅಂತ! ಆ ರಾತ್ರಿ ಕೋರಿಗೆ ನಿದ್ದೆ ಬರಲಿಲ್ಲ. ಕೊಲೆಯಷ್ಟೇ ಅಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡ ದ್ವೇಷವೂ ದೇವರ ಮುಂದೆ ಅಪರಾಧವೇ ಅನ್ನುವುದು ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದ ಸಾರ. ಹಾಗಿದ್ದರೆ ತಾನೂ ಅವನೂ ಒಂದೇ ಕಟಕಟೆಯಲ್ಲಿ ನಿಂತವರು ಅಂತ ಆಕೆಗೆ ಅನ್ನಿಸಿತು. ಅವನನ್ನು ಕ್ಷಮಿಸಿದ ಮೇಲಷ್ಟೇ ನಿದ್ದೆ ಬಂದದ್ದು. ಯುದ್ಧ ಮುಗಿದ ಮೇಲೆ ಅವನಿಗೆ ಒಂದು ಕಾಗದವನ್ನೂ ಬರೆದರು.

ಅಲ್ಲಿಂದ ಇಬ್ಬರನ್ನೂ ಜರ್ಮನಿಯ ರಾವೆನ್ಸ್‌ಬ್ರುಕ್ ಎಂಬ ಹೆಂಗಸರ ಶಿಬಿರಕ್ಕೆ ಸಾಗಿಸಿದರು. 1944ರ ಡಿಸೆಂಬರ್ 16ರಂದು ಬೆಟ್ಸಿ ಅಲ್ಲೇ ಸತ್ತರು. ಆ ತಿಂಗಳು ಮುಗಿಯುವುದರೊಳಗೆ ಕೋರಿಗೆ ಬಿಡುಗಡೆಯಾಯಿತು. ಗುಮಾಸ್ತರ ಕಡೆಯ ತಪ್ಪಿನಿಂದ ಹಾಗಾಯಿತು ಅಂತ ಆಮೇಲೆ ತಿಳಿಯಿತಂತೆ.

ನೊಂದವರು ಚೇತರಿಸಿಕೊಳ್ಳಲು ಹೂದೋಟವಿರುವ ಒಂದು ದೊಡ್ಡ ಮನೆ ಮಾಡಬೇಕು ಅನ್ನುವುದು ಬೆಟ್ಸಿಯ ಕನಸಾಗಿತ್ತು. 1945ರಲ್ಲಿ ಬ್ಲೂಮೆಂಡಾಲ್ ಎಂಬಲ್ಲಿ ವಿಧವೆಯೊಬ್ಬರು ತಮ್ಮ ಬಂಗಲೆಯನ್ನೇ ಇದಕ್ಕೆ ಬಿಟ್ಟುಕೊಟ್ಟರು. ಶಿಬಿರಗಳಿಂದ ಉಳಿದು ಬಂದವರು, ವರ್ಷಗಟ್ಟಲೆ ಅಟ್ಟದಲ್ಲಿ ಅಡಗಿದ್ದವರು, ಎಲ್ಲ ಅಲ್ಲಿಗೆ ಬಂದರು. ಕೆಲವರು ಮಾತೇ ಆಡುತ್ತಿರಲಿಲ್ಲ, ಕೆಲವರು ಮಾತು ನಿಲ್ಲಿಸುತ್ತಿರಲಿಲ್ಲ.

ಆ ಮನೆಯಲ್ಲಿ ಕೋರಿ ಕಂಡ ಒಂದು ಸಂಗತಿ ನನ್ನನ್ನು ತುಂಬಾ ಕಾಡಿದೆ. ಅಲ್ಲಿದ್ದವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಜರ್ಮನ್ನರನ್ನು ಕ್ಷಮಿಸುವುದಲ್ಲ! ನಾಜಿಗಳ ಜೊತೆ ಸೇರಿಕೊಂಡ ತಮ್ಮದೇ ಡಚ್ ಜನರನ್ನು ಕ್ಷಮಿಸುವುದು. ಹೊರಗಿನವನ ಏಟಿಗಿಂತ ಪಕ್ಕದ ಮನೆಯವನ ಏಟು ಆಳಕ್ಕೆ ಇಳಿಯುತ್ತದೆ ಅಲ್ಲವೇ? ಯುದ್ಧ ಮುಗಿದ ಮೇಲೆ ಈ ಜನರನ್ನು ಊರು ದೂರ ಇಟ್ಟಿತ್ತು. ಮನೆಯಿಲ್ಲ, ಕೆಲಸವಿಲ್ಲ. ಅವರನ್ನೂ ಬ್ಲೂಮೆಂಡಾಲಿಗೇ ಕರೆತರಲು ನೋಡಿದಾಗ ಜಗಳವಾಯಿತು. ಕೋರಿ ಯಾರಿಗೂ ಉಪದೇಶ ಮಾಡಲು ಹೋಗಲಿಲ್ಲ. ಆ ಜನರಿಗೆ ಹಾರ್ಲೆಮ್‌ನ ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. ಅಪ್ಪನನ್ನು ಪೊಲೀಸರು ಎಳೆದೊಯ್ದ ಅದೇ ಮನೆಯನ್ನು!

ಆಮೇಲೆ ನಿಧಾನವಾಗಿ ಬ್ಲೂಮೆಂಡಾಲಿನ ಕೈತೋಟದಲ್ಲಿ ತರಕಾರಿ ಬಂತು. ಅಲ್ಲಿ ಮಣ್ಣು ಕೆದಕುತ್ತಿದ್ದವರಲ್ಲಿ ಯಾರಾದರೊಬ್ಬರು ಒಂದು ದಿನ ಕೋರಿಯನ್ನು ಕೇಳುತ್ತಿದ್ದರಂತೆ: ಹಾರ್ಲೆಮ್ ಮನೆಯಲ್ಲಿದ್ದಾರಲ್ಲ ಆ ಜನ, ಅವರಿಗೆ ನಾವು ಬೆಳೆದ ಕ್ಯಾರೆಟ್ ಬೇಕಾಗಬಹುದಾ ಅಂತ. ಕ್ಷಮೆ ಬಂದದ್ದು ಹೀಗೆ. ಭಾಷಣದಿಂದ ಅಲ್ಲ, ಒಂದು ಹಿಡಿ ಕ್ಯಾರೆಟ್ಟಿನಿಂದ.

ಎಲ್ಲರೂ ಹೇಳುವ ಮ್ಯೂನಿಕ್ ಕಥೆ ಇದರ ನಂತರದ್ದು, 1947ರದ್ದು. ಚರ್ಚೊಂದರಲ್ಲಿ ಕೋರಿ ಮಾತನಾಡಿ ಮುಗಿಸಿದ್ದರು. ನಾವು ಒಪ್ಪಿಕೊಂಡ ಪಾಪಗಳನ್ನು ದೇವರು ಆಳವಾದ ಸಮುದ್ರಕ್ಕೆ ಎಸೆದುಬಿಡುತ್ತಾನೆ ಅಂತ ಹೇಳಿದ್ದರು. ಆಗ ಒಬ್ಬ ಎದುರು ಬಂದು ನಿಂತ. ರಾವೆನ್ಸ್‌ಬ್ರುಕ್‌ನಲ್ಲಿ ಕಾವಲಿಗಿದ್ದವನು. ಅವನಿಗೆ ಆಕೆಯ ಗುರುತಿಲ್ಲ, ಆಕೆಗೆ ಎಲ್ಲ ನೆನಪಿದೆ. ತಾನೀಗ ಕ್ರೈಸ್ತನಾಗಿದ್ದೇನೆ, ದೇವರು ಕ್ಷಮಿಸಿದ್ದಾನೆ, ನೀವೂ ಕ್ಷಮಿಸುತ್ತೀರಾ ಅಂತ ಕೈ ಚಾಚಿದ. ಕೋರಿಯ ಕೈ ಮೇಲೇಳಲಿಲ್ಲ. ಒಳಗೆ ಪ್ರೀತಿಯ ಒಂದು ಹನಿಯೂ ಇರಲಿಲ್ಲ. ಕೈ ಎತ್ತುವಷ್ಟು ಮಾತ್ರ ನನ್ನಿಂದಾದೀತು, ಉಳಿದದ್ದನ್ನು ನೀನೇ ಕೊಡು ಅಂತ ಮನಸ್ಸಿನಲ್ಲೇ ಯೇಸುವಿಗೆ ಹೇಳಿ, ಯಂತ್ರದ ಹಾಗೆ ಕೈ ಮುಂದೆ ಮಾಡಿದರು. ಪ್ರೀತಿ ಉಕ್ಕಿದ್ದು ಆಮೇಲೆ. ಮೊದಲು ಕೈ, ನಂತರ ಹೃದಯ.

ಸಾಮಾನ್ಯವಾಗಿ ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕೋರಿ ನಿಲ್ಲಿಸಲಿಲ್ಲ. ಎಷ್ಟೋ ವರ್ಷಗಳ ನಂತರ, ಅವರು ತುಂಬಾ ಪ್ರೀತಿಸುತ್ತಿದ್ದ ಕ್ರೈಸ್ತ ಗೆಳೆಯರೇ ಅವರನ್ನು ನೋಯಿಸಿದರು. ಕ್ಷಮಿಸಿದ್ದೇನೆ ಅಂದುಕೊಂಡರೂ ಮಧ್ಯರಾತ್ರಿ ಎದ್ದು ಕುದಿಯುತ್ತಿದ್ದರು. ಕಾವಲುಗಾರನನ್ನು ಕ್ಷಮಿಸಿದವರಿಗೆ ಗೆಳೆಯರನ್ನು ಕ್ಷಮಿಸಲು ಆಗಲಿಲ್ಲ! ಆಗ ಲೂಥರನ್ ಪಾದ್ರಿಯೊಬ್ಬರು ಚರ್ಚಿನ ಗೋಪುರದ ಗಂಟೆ ತೋರಿಸಿದರು. ಹಗ್ಗ ಎಳೆಯುವವನು ಕೈ ಬಿಟ್ಟ ಮೇಲೂ ಗಂಟೆ ಸ್ವಲ್ಪ ಹೊತ್ತು ತೂಗಿ ಮೊಳಗುತ್ತಲೇ ಇರುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ. ಕ್ಷಮಿಸುವುದೆಂದರೆ ಹಗ್ಗ ಬಿಡುವುದು. ಮತ್ತೆ ಸದ್ದು ಕೇಳಿದರೆ ಗಾಬರಿ ಬೇಡ, ಮತ್ತೆ ಹಗ್ಗ ಹಿಡಿಯದಿದ್ದರೆ ಸಾಕು.

ಹಾಗಿದ್ದೂ ಆ ಗೆಳೆಯರ ತಪ್ಪಿಗೆ ಸಾಕ್ಷಿಯಾದ ಕಾಗದಗಳನ್ನು ಕೋರಿ ಜೋಪಾನವಾಗಿ ಇಟ್ಟುಕೊಂಡಿದ್ದರು. ನಿಮ್ಮ ಪಾಪ ಸಮುದ್ರದಲ್ಲಿ, ಅವರ ಪಾಪ ಮಾತ್ರ ನಿಮ್ಮ ಕಾಗದದಲ್ಲಾ ಅಂತ ಸ್ನೇಹಿತರೊಬ್ಬರು ಕೇಳಿದ ಮೇಲೆಯೇ ಅವನ್ನು ಸುಟ್ಟದ್ದು.

ಒಂದು ಮಾತು ಸೇರಿಸಬೇಕು. ಕೋರಿ ಕ್ಷಮಿಸಿದ್ದು ತಮಗಾದ ನೋವನ್ನು. ಸತ್ತ ಲಕ್ಷಾಂತರ ಯಹೂದಿಗಳ ಪರವಾಗಿ ಕ್ಷಮಿಸುವ ಹಕ್ಕು ಆಕೆಗಾಗಲಿ, ಬೇರೆ ಯಾರಿಗಾಗಲಿ ಇಲ್ಲ ಅನ್ನುವುದು ನನ್ನ ಅನಿಸಿಕೆ. "ಕ್ಷಮಿಸಿಬಿಡು" ಅಂತ ನೊಂದವರಿಗೆ ಪಕ್ಕದಲ್ಲಿ ನಿಂತು ಹೇಳುವುದೂ ಸರಿಯಲ್ಲ. ಬೇಕಾದರೆ ಕೈತೋಟಕ್ಕೆ ಸ್ವಲ್ಪ ಜಾಗ ಮಾಡಿಕೊಡಬಹುದು, ಕಾಯಬಹುದು.

1967ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಕೋರಿಯನ್ನು ಗೌರವಿಸಿತು. 1983ರಲ್ಲಿ, ತಮ್ಮ 91ನೇ ಹುಟ್ಟುಹಬ್ಬದ ದಿನವೇ ಆಕೆ ತೀರಿಕೊಂಡರು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಅಂತ ಪೇತ್ರ ಕೇಳಿದಾಗ ಯೇಸು ಲೆಕ್ಕವೇ ತಪ್ಪುವಂಥ ಸಂಖ್ಯೆ ಹೇಳಿದ್ದು ಬೈಬಲಿನಲ್ಲಿದೆ. ಅಷ್ಟು ಬೇರೆ ಬೇರೆ ತಪ್ಪುಗಳಿಗೆ ಅಂತ ನಾನು ಅಂದುಕೊಂಡಿದ್ದೆ. ಕೋರಿಯ ಬದುಕು ನೋಡಿದರೆ, ಒಂದೇ ತಪ್ಪನ್ನು ಅಷ್ಟು ಸಲ ಕ್ಷಮಿಸಬೇಕಾಗುತ್ತದೇನೋ ಅನ್ನಿಸುತ್ತದೆ.

ನಿಮಗೇನನ್ನಿಸುತ್ತದೆ?